ದೊರೆಗೆ ಬ್ರೇಕು ಎಡಗಾಲಲ್ಲಿ

ಕುಶನಣ್ಣನ ಅಂಗಡಿಗೆ ನೀವು ಹೋದರೆ ಮೊದಲು ಕೇಳಿಸುವುದು ಸುತ್ತಿಗೆ, ಆಮೇಲೆ ಕಾಣಿಸುವುದು ಬೆನ್ನು. ಮಾತು ಕೇಳಿಸುವುದು ಕಟ್ಟಕಡೆಗೆ. ಏಕೆಂದರೆ ಅವನ ಬಾಯಲ್ಲಿ ಮೊಳೆ ಇರುತ್ತದೆ. ಸೋಫಾಕ್ಕೆ ಬಟ್ಟೆ ಬಿಗಿಯುವವರೆಲ್ಲ ಹೀಗೆಯೇ. ಎಡಗೈ ಬಟ್ಟೆಯನ್ನು ಎಳೆದು ಹಿಡಿದಿರಬೇಕು, ಬಲಗೈಯಲ್ಲಿ ಸುತ್ತಿಗೆ ಇರಬೇಕು, ಮೊಳೆ ಕೊಡಲು ಮೂರನೆಯ ಕೈಯನ್ನು ಎಲ್ಲಿಂದ ತರುವುದು? ಹಾಗಾಗಿ ಒಂದು ಹಿಡಿ ಸಣ್ಣ ಮೊಳೆ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಳ್ಳುತ್ತಾನೆ. ಸುತ್ತಿಗೆಯ ಅಯಸ್ಕಾಂತದ ಮೂತಿ ಅದನ್ನು ತುಟಿಯಿಂದಲೇ ಕಚ್ಚಿಕೊಂಡು ಹೋಗಿ ಕುರ್ಚಿಯ ಚೌಕಟ್ಟಿಗೆ ಬಡಿಯುತ್ತದೆ. ನೋಡುವವರಿಗೆ ಎದೆ ಝಲ್ಲೆನ್ನುತ್ತದೆ. ಅವನಿಗೆ ಅದು ಎಲೆ ಅಡಿಕೆ ಜಗಿದಷ್ಟು ಸಲೀಸು.

ಈ ಅಭ್ಯಾಸದಿಂದ ಅವನಿಗೊಂದು ಅನುಕೂಲವೂ ಆಗಿತ್ತು. ಉತ್ತರ ಕೊಡಲು ಮನಸ್ಸಿಲ್ಲದ ಪ್ರಶ್ನೆ ಬಂದರೆ ತುಟಿಯ ಕಡೆ ಬೆರಳು ತೋರಿಸಿ ತಲೆ ಆಡಿಸಿಬಿಡುತ್ತಿದ್ದ. ಮನೆಯಲ್ಲಿ ಅದೊಂದು ಮಾತಾಗಿಯೇ ನಿಂತಿತ್ತು. ಊಟಕ್ಕೆ ಕೂತಾಗ ಯಾರಾದರೂ ಏನಾದರೂ ಕೇಳಿ ಅವನು ತಟ್ಟೆ ನೋಡುತ್ತ ಕೂತರೆ ಹೆಂಡತಿ ಹೇಳುವಳು: "ಬಿಡಿ, ಅವರ ಬಾಯಲ್ಲಿ ಮೊಳೆ ಇದೆ."

ಅವನು ಬಾಯಿ ತೆರೆದು ಮಾತಾಡುತ್ತಿದ್ದ ವಿಷಯ ಒಂದೇ. ಅದು ದೊರೆ.

ದೊರೆ ಅಂದರೆ ಮೋಟಾರುಬೈಕು. ಕಪ್ಪು ಬಣ್ಣದ್ದು, ಬ್ರಿಟನ್ನಿನಲ್ಲಿ ಹುಟ್ಟಿದ್ದು, ಅಣ್ಣನ ಕೈಗೆ ಬರುವ ಹೊತ್ತಿಗೆ ಮೂರು ಮಂದಿಯ ಕೈ ದಾಟಿ ಬಂದಿತ್ತು. ಟ್ಯಾಂಕಿನ ಮೇಲಿನ ಕಂಪನಿಯ ಹೆಸರು ಅಳಿಸಿ ಹೋಗಿ ಬರೀ ಬಾಲದ ಗೆರೆಯೊಂದು ಉಳಿದಿತ್ತು. ಫೋಟೋ ಸ್ಟುಡಿಯೋದವನೊಬ್ಬನ ಹತ್ತಿರ ಇತ್ತದು. ಅವನ ಸ್ಟುಡಿಯೋದ ಸೋಫಾ ಹರಿದು, ಕೂತವರ ಬೆನ್ನಿಗೆ ಸ್ಪ್ರಿಂಗು ಚುಚ್ಚಿ, ಫೋಟೋದಲ್ಲಿ ಎಲ್ಲರ ಮುಖವೂ ಗಾಬರಿಯಾಗಿ ಬೀಳುತ್ತಿತ್ತಂತೆ. ಆಗಿನ್ನೂ ಮೀಸೆ ಮೂಡುತ್ತಿದ್ದ ಕುಶನಣ್ಣ ಆ ಸೋಫಾಕ್ಕೆ ಹೊಸ ಸ್ಪ್ರಿಂಗು, ಹೊಸ ನಾರು, ಹೊಸ ಮಖಮಲ್ಲು ಹಾಕಿಕೊಟ್ಟ. ಫೋಟೋದವನು ಸೋಫಾದ ಮೇಲೆ ಕೂತು, ಎದ್ದು, ಮತ್ತೆ ಕೂತು, "ಬೈಕು ತಗೊಂಡು ಹೋಗು ಮಾರಾಯ. ಅದರ ಜೊತೆ ಏಗೋಕೆ ನನಗೆ ವಯಸ್ಸಾಯ್ತು," ಅಂದ. ಈ ಮಾತಿನ ಅರ್ಥ ಅಣ್ಣನಿಗೆ ಮಾರನೆಯ ದಿನ ಗೊತ್ತಾಯಿತು.

ಅದು ಕರೆದ ಕೂಡಲೇ ಏಳುವ ಗಾಡಿಯಲ್ಲ. ಪೆಟ್ರೋಲ್ ಬಿಡಬೇಕು, ಕಾರ್ಬುರೇಟರಿನ ಪುಟ್ಟ ಗುಂಡಿಯನ್ನು ಬೆರಳು ಒದ್ದೆಯಾಗುವ ತನಕ ಒತ್ತಬೇಕು, ಹ್ಯಾಂಡಲ್ಲಿನ ಪಕ್ಕದ ಸಣ್ಣ ಹಿಡಿಯನ್ನು ಹಿಂದಕ್ಕೆಳೆಯಬೇಕು, ಆಮೇಲೆ ಕಿಕ್ಕರಿನ ಮೇಲೆ ಮೈಯೆಲ್ಲ ಭಾರ ಹಾಕಿ ಒದೆಯಬೇಕು. ಮನಸ್ಸಿದ್ದರೆ ಏಳುತ್ತಿತ್ತು. ಇಲ್ಲದಿದ್ದರೆ ತಿರುಗಿ ಒದೆಯುತ್ತಿತ್ತು. ಅಣ್ಣನ ಬಲ ಕಣಕಾಲಿನಲ್ಲಿ ಆ ಒದೆತದ ಕಲೆ ಈಗಲೂ ಇದೆ. ಮೋಡ ಕವಿದರೆ ದೊರೆಗೆ ಮುನಿಸು, ಬಿಸಿಲು ಏರಿದರೆ ದೊರೆಗೆ ಉಬ್ಬಸ. ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕಿಸುತ್ತಿತ್ತು. ಅಡಿಗೆ ತಗಡಿನ ಡಬ್ಬಿ ಇಡದೆ ಮನೆ ಮುಂದೆ ನಿಲ್ಲಿಸಲು ಅಮ್ಮ ಬಿಡುತ್ತಿರಲಿಲ್ಲ. ಇಳಿಜಾರಿನಲ್ಲಿ ಕೆಲವೊಮ್ಮೆ ಸೈಲೆನ್ಸರಿನಿಂದ ಢಮಾರ್ ಎಂದು ಸದ್ದು ಮಾಡಿ, ಬೀದಿಯವರನ್ನೆಲ್ಲ ಕಿಟಕಿಗೆ ತರುತ್ತಿತ್ತು.

ಹೆಸರಿಟ್ಟವರು ಅಪ್ಪ. ಕುಶನ್ ಅಂಗಡಿ ಶುರು ಮಾಡಿದವರು ಅವರೇ. ಬೆಳಿಗ್ಗೆ ಕನ್ನಡಿಯ ಮುಂದೆ ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತ ಕೇಳುವರು:

"ದೊರೆಗಳು ಎದ್ದರೇನಪ್ಪ?"

"ಏಳ್ತಾ ಇದ್ದಾರೆ."

"ಹಾಸಿಗೆಗೇ ಕಾಫಿ ಕಳಿಸಲಾ? ಇಲ್ಲ, ಕಾಲು ಒತ್ತಿಸ್ಕೋತಾರಾ?"

ಕಾಲು ಒತ್ತುವುದಲ್ಲ, ಬೆನ್ನು ತಳ್ಳುವ ಕೆಲಸ ಇತ್ತು. ಅದು ತಂಗಿಯ ಪಾಲಿಗೆ ಬಂದಿತ್ತು. ಅಣ್ಣ ಅವಳನ್ನು ಕರೆಯುತ್ತಿದ್ದದ್ದು ಪುಟ್ಟಿ ಅಂತ. ಹೆಸರಿಗೆ ಪುಟ್ಟಿ, ತಳ್ಳಿದಳೆಂದರೆ ದೊರೆಯಂಥ ದೊರೆಯೂ ಬೀದಿಯ ಕೊನೆಯ ತನಕ ಓಡಲೇಬೇಕು. ಇಂಜಿನ್ನು ಹಿಡಿದುಕೊಂಡಿತೆಂದರೆ ಅಣ್ಣ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಮತ್ತೆ ಸತ್ತುಹೋಗುತ್ತದೆ. ಪುಟ್ಟಿ ಓಡುತ್ತಲೇ ಹಾರಿ ಹಿಂದೆ ಕೂರಬೇಕು. ಅವಳು ಕಾಲೇಜಿಗೆ ಹೋಗುತ್ತಿದ್ದದ್ದೇ ಹೀಗೆ. ಬಿಡುವಿದ್ದ ಸಂಜೆ ಊರಾಚೆಯ ನೀರಿನ ಟ್ಯಾಂಕಿನ ದಿಣ್ಣೆಗೆ ಇಬ್ಬರೂ ಹೋಗುವರು. ದಿಣ್ಣೆ ಹತ್ತಿದ ಮೇಲೆ ದೊರೆ ತಪ್ಪದೆ ನಿಲ್ಲುವುದು. ಅದರ ಇಂಜಿನ್ನು ತಣ್ಣಗಾಗುವ ತನಕ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಬ್ರೆಡ್ಡು ಹರಿದು ತಿನ್ನುತ್ತ, ಕೆಳಗಿನ ಊರನ್ನು ನೋಡುತ್ತ ಇಬ್ಬರೂ ಹರಟುವರು. ದೊರೆ ಕೆಟ್ಟು ನಿಲ್ಲದಿದ್ದರೆ ಆ ಅಣ್ಣ ತಂಗಿ ಅಷ್ಟು ಮಾತಾಡುತ್ತಿದ್ದರೋ ಇಲ್ಲವೋ.

ಅಂಥದೊಂದು ದಿನ ಪುಟ್ಟಿ ಕೇಳಿದಳು: "ನಾನೇನು ತಳ್ಳೋಕೇ ಹುಟ್ಟಿದೀನಾ?"

"ತಳ್ಳೋದೂ ಒಂದು ವಿದ್ಯೆ ಕಣೇ."

"ಹಾಗಾದ್ರೆ ಆ ವಿದ್ಯೆ ನೀನು ಕಲಿ. ನಾನು ಮುಂದೆ ಕೂರ್ತೀನಿ."

ಅಣ್ಣ ಕಲಿಸಿದ. ಇಲ್ಲೊಂದು ಸಂಗತಿ ಹೇಳಬೇಕು. ದೊರೆಯ ಕಾಲದ ಬ್ರಿಟನ್ ಬೈಕುಗಳಲ್ಲಿ ಗೇರು ಇರುವುದು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಆಮೇಲೆ ಬಂದ ಬೈಕುಗಳಲ್ಲಿ ಇದು ತಿರುವುಮುರುವು. ಅಣ್ಣ ಬೇರೆ ಬೈಕು ಮುಟ್ಟಿದವನಲ್ಲ. ಅವನ ಪಾಲಿಗೆ ಬೈಕೆಂದರೆ ದೊರೆ. ಅದಕ್ಕೇ ಒಂದು ಲಯ ಕಟ್ಟಿಕೊಟ್ಟ: "ಬಲಗಾಲು ಹೋಗು, ಎಡಗಾಲು ನಿಲ್ಲು." ಪುಟ್ಟಿ ಪಾತ್ರೆ ತೊಳೆಯುವಾಗಲೂ ಅದನ್ನೇ ಗುನುಗುವಳು. ಊಟದ ಮೇಜಿನ ಮುಂದೆ ಅವಳು ಮೈಮರೆತು ಕೂತಿದ್ದಾಗ ಅಣ್ಣ ಇದ್ದಕ್ಕಿದ್ದ ಹಾಗೆ "ಗೋಡೆ ಬಂತು" ಅನ್ನುವನು. ಮೇಜಿನ ಕೆಳಗೆ ಅವಳ ಎಡಗಾಲು ದಡ್ಡನೆ ನೆಲ ಒತ್ತುವುದು. ಮೊದಮೊದಲು ಒಂದು ಗಳಿಗೆ ತಡವಾಗುತ್ತಿತ್ತು, ಅಣ್ಣ ಒಪ್ಪುತ್ತಿರಲಿಲ್ಲ. "ಯೋಚನೆ ಮಾಡಿದ್ಯಲ್ಲ, ಹೋದೆ ನೀನು, ಗೋಡೆಗೆ ಅಂಟಿಕೊಂಡೆ. ಇದು ತಲೆಗೆ ಹತ್ತೋ ವಿದ್ಯೆ ಅಲ್ಲ, ಮೈಗೆ ಹತ್ತಬೇಕು." ಕೊನೆಗೆ ಮಾತು ಮುಗಿಯುವ ಮುಂಚೆಯೇ ಕಾಲು ಒತ್ತತೊಡಗಿತು. ಅಣ್ಣನಿಗೆ ಹೆಮ್ಮೆ. ಕೈಯ ಬ್ರೇಕಿನ ಮಾತು ಬಂದಾಗ ಹೇಳಿದ: "ಅದು ದೊರೆಗಳ ಅಲಂಕಾರಕ್ಕೆ. ಹಿಡಿದ್ರೆ ನಿಲ್ಲಲ್ಲ, ಒಂದು ಕಡೆಗೆ ಎಳೆಯುತ್ತೆ ಅಷ್ಟೇ. ಮುಟ್ಟಲೇಬೇಡ."

ಅವನು ಅಷ್ಟು ಚೆನ್ನಾಗಿ ಕಲಿಸಬಾರದಿತ್ತು.

ಪುಟ್ಟಿಗೆ ವಿದ್ಯುತ್ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮನೆ ಮನೆಗೆ ಹೋಗಿ ಮೀಟರ್ ನೋಡಿ ಬರುವ ಕೆಲಸ. ಹೆಣ್ಣುಮಗಳು ಕಚೇರಿಯ ಬೈಕು ಹತ್ತಿ ಊರು ಸುತ್ತುತ್ತಾಳೆಂದರೆ ಬೀದಿಗೆ ಬೀದಿಯೇ ಬಾಗಿಲಿಗೆ ಬಂತು. "ಬೈಕು ಬರುತ್ತಾ ನಿನಗೆ?" ಅಂತ ಸಾಹೇಬರು ಕೇಳಿದಾಗ "ದೊರೆ ಓಡಿಸಿದವಳಿಗೆ ಇದ್ಯಾವ ಲೆಕ್ಕ ಸರ್," ಅಂದಿದ್ದಳಂತೆ. ಕಚೇರಿಯದು ಹೊಸ ಬೈಕು. ಕಾಲುಗಳು ಅದಲುಬದಲು. ಮೊದಲ ಕೆಲವು ದಿನ ತನಗೆ ತಾನೇ ಹೇಳಿಕೊಂಡು, ನಿಧಾನವಾಗಿ, ನಿಭಾಯಿಸಿದಳು. ಆಮೇಲೊಂದು ಮಧ್ಯಾಹ್ನ, ಬೇಕರಿಯ ಮುಂದಿನ ಇಳಿಜಾರಿನಲ್ಲಿ, ಪಕ್ಕದ ಓಣಿಯಿಂದ ಹೊರೆ ಹೇರಿದ ತಳ್ಳುಗಾಡಿಯೊಂದು ಹೊರಬಂತು. ಬೈಕು ನಿಲ್ಲಲಿಲ್ಲ. ಪುಟ್ಟಿ ಗಾಡಿಯನ್ನು ತಪ್ಪಿಸಿದಳು, ಬೇಕರಿಯ ಕಲ್ಲಿನ ಮೆಟ್ಟಿಲನ್ನು ತಪ್ಪಿಸಲಾಗಲಿಲ್ಲ. ಬೈಕಿನ ಅಡಿಗೆ ಸಿಕ್ಕಿ ಅವಳ ಎಡಗಾಲಿನ ಹರಡಿನ ಮೂಳೆ ನುಚ್ಚಾಯಿತು.

ಆಸ್ಪತ್ರೆಯಲ್ಲಿ ಅಪ್ಪ ಕೇಳಿದರು: "ಏನಾಯ್ತಮ್ಮ?"

ಪುಟ್ಟಿ ಮಂಚದ ಕಾಲಕಡೆ ನಿಂತಿದ್ದ ಅಣ್ಣನ ಮುಖವನ್ನೊಮ್ಮೆ ನೋಡಿದಳು. "ನಾಯಿ ಅಡ್ಡ ಬಂತು."

"ಯಾರ ನಾಯಿ?"

"ಬೇಕರಿಯದು."

ಮಾರನೆಯ ದಿನ ಅಣ್ಣ ಬೈಕು ನೋಡಲು ಕಚೇರಿಯ ಗ್ಯಾರೇಜಿಗೆ ಹೋದ. ಮೆಕ್ಯಾನಿಕ್ಕು ಚಹಾ ಕುಡಿಯುತ್ತ ಎಡಗಡೆಯ ಗೇರಿನ ಪೆಡಲನ್ನು ತೋರಿಸಿದ. "ಬಿದ್ದ ಏಟಿಗೆ ಬಗ್ಗಿದ್ರೆ ಒಳಗಡೆಗೆ ಬಗ್ಗಬೇಕು. ಇದು ನೋಡಿ, ಕೆಳಕ್ಕೆ ಬಗ್ಗಿದೆ. ಯಾರೋ ಅದರ ಮೇಲೆ ಎದ್ದು ನಿಂತ ಹಾಗೆ. ಗೇರಿನ ಮೇಲೆ ಯಾಕೆ ನಿಲ್ತಾರೆ ಅಂತ?" ಅಣ್ಣ ನೋಡಿದ. ಗೋಡೆ ಬಂತು. ಎಡಗಾಲು ಒತ್ತಿತು. ಕೈಯ ಬ್ರೇಕಿನ ಮೇಲೆ ಬೆರಳು ಹೋಗಿರಲೇ ಇಲ್ಲ, ಮುಟ್ಟಬೇಡ ಅಂದವನು ತಾನೇ.

ಅವನು ಯಾರಿಗೂ ಹೇಳಲಿಲ್ಲ. ನಾಯಿ ನಿಜವಾಗಿ ಬಂದಿತ್ತಾ ಅಂತ ತಂಗಿಯನ್ನೂ ಕೇಳಲಿಲ್ಲ. ಅಪ್ಪ ಬೇಕರಿಗೆ ಹೋಗಿ ಬಂದರು. ಕೆಲವೇ ದಿನಗಳಲ್ಲಿ ಬೇಕರಿಯವರು ತಮ್ಮ ಕಂದು ನಾಯಿಯನ್ನು ಹಿಟ್ಟಿನ ಲಾರಿಯ ಡ್ರೈವರನ ಕೈಲಿ ಯಾವುದೋ ಊರಿಗೆ ಸಾಗಿಸಿಬಿಟ್ಟರು. ಕುಶನಣ್ಣ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಲಾರಿಯ ಹಿಂದಿನ ಹಲಗೆಯ ಮೇಲಿಂದ ಎರಡು ಕಿವಿ ಕಾಣಿಸಿದವು. ಒಳಗೆ ಬಂದು ಬಾಯಿಗೆ ಮೊಳೆ ಹಾಕಿಕೊಂಡ.

ದೊರೆಯನ್ನು ನೋಡಿದರೆ ಅವನಿಗೆ ಆಗುತ್ತಿರಲಿಲ್ಲ. ಪುಟ್ಟಿಯ ಕಾಲು ಇನ್ನೂ ಪಟ್ಟಿಯಲ್ಲಿರುವಾಗಲೇ ಗುಜರಿಯವನನ್ನು ಕರೆಸಿ ಕೊಟ್ಟುಬಿಟ್ಟ. ಬಿಡಿಭಾಗ ಸಿಗುವುದಿಲ್ಲ ಅಂತ ಕಾರಣ ಹೇಳಿದ. ಪುಟ್ಟಿ ಗೋಡೆಯ ಕಡೆ ತಿರುಗಿ ಮಲಗಿದ್ದವಳು, "ಹಾರ್ನಾದ್ರೂ ಇಟ್ಕೊಂಡ್ಯಾ?" ಅಂತ ಕೇಳಿದಳು.

"ಇಲ್ಲ."

ಅವಳು ಹೊದಿಕೆಯನ್ನು ತಲೆಯ ಮೇಲಕ್ಕೆ ಎಳೆದುಕೊಂಡಳು.

ಕಾಲು ಕೂಡಿಕೊಂಡಿತು, ನೆಟ್ಟಗೆ ಕೂಡಿಕೊಳ್ಳಲಿಲ್ಲ. ಊರು ಸುತ್ತುವ ಕೆಲಸ ಹೋಗಿ, ಜಾಲರಿಯ ಹಿಂದೆ ಕೂತು ಬಿಲ್ಲಿನ ಹಣ ತೆಗೆದುಕೊಳ್ಳುವ ಕೆಲಸ ಬಂತು. ಮದುವೆಯಾಯಿತು, ಮಗಳು ಹುಟ್ಟಿದಳು. ಗಂಡ ಒಳ್ಳೆಯವನು, ಸೈಕಲ್ಲು ಕಂಡರೂ ಪಕ್ಕಕ್ಕೆ ಸರಿದು ನಿಲ್ಲುವಂಥ ಸಾಧು. ಭಾನುವಾರ ಭಾನುವಾರ ಅವಳು ಅಣ್ಣನ ಮನೆಗೆ ಬರುವಳು, ಊಟವಾದ ಮೇಲೆ, "ದೊರೆ ಸುದ್ದಿ ಹೇಳೋ," ಅನ್ನುವಳು. ಅಣ್ಣ ಹೇಳುವನು: ದೊರೆ ಪೊಲೀಸ್ ಠಾಣೆಯ ಮುಂದೆಯೇ ಢಮಾರ್ ಅಂದದ್ದು, ಹೆಣ್ಣು ನೋಡಲು ಹೋದ ದಿನ ಅವನ ಬಿಳಿ ಷರ್ಟಿಗೆಲ್ಲ ಎಣ್ಣೆ ಉಗುಳಿದ್ದು, ಮಾವನವರು "ಹುಡುಗನಿಗೆ ಗ್ಯಾರೇಜಿನಲ್ಲಿ ಕೆಲಸಾನಾ?" ಅಂತ ಕೇಳಿದ್ದು. ಎಲ್ಲರೂ ಬಿದ್ದು ಬಿದ್ದು ನಗುವರು. ಪುಟ್ಟಿಯೂ ನಗುವಳು. ಹೇಳುತ್ತ ಹೇಳುತ್ತ ಅಣ್ಣನ ಕಣ್ಣು ತಂಗಿಯ ಎಡಗಾಲಿಗೆ ಇಳಿಯುವುದು, ಮಾತು ಅಲ್ಲೇ ಸೊರಗುವುದು. ಮಳೆಗಾಲ ಬಂತೆಂದರೆ ಅವಳ ಎಡ ಶೂವಿಗೆ ಅಂತ ಅಂಗಡಿಯಲ್ಲೇ ಅತ್ಯುತ್ತಮ ಸ್ಪಂಜು ಆರಿಸಿ, ಮೆತ್ತೆ ಕತ್ತರಿಸಿ, ಮೇಲೆ ಮೇಕೆಯ ಚರ್ಮ ಹೊಲಿದು ಕೊಡುವನು. ದೊಡ್ಡ ಸಾಹೇಬರ ಕುರ್ಚಿಗೂ ಅವನು ಅಷ್ಟು ಮುತುವರ್ಜಿ ಮಾಡಿದವನಲ್ಲ.

ಇಷ್ಟಾಗಿ ಹಲವು ವರ್ಷ ಕಳೆದವು. ಅವನ ಮೀಸೆ ಬೆಳ್ಳಗಾಯಿತು, ಪುಟ್ಟಿಯ ಮಗಳು ದೊಡ್ಡವಳಾದಳು. ಈ ಹುಡುಗಿಗೆ ನೀರಿನ ಇಲಾಖೆಯ ಕೆಲಸಕ್ಕೆ ಕರೆ ಬಂತು. ಊರಿನ ನಲ್ಲಿಗಳಿಂದ ನೀರಿನ ಮಾದರಿ ತುಂಬಿಕೊಂಡು ಬಂದು ಪರೀಕ್ಷೆಗೆ ಕೊಡಬೇಕು. ಓಡಾಡಲು ಇಲಾಖೆಯ ಬೈಕು. ಮುಂದಿನ ವಾರ ಅಂಗಳದಲ್ಲಿ ಓಡಿಸಿ ತೋರಿಸಬೇಕು, ತೋರಿಸಿದರೆ ಕೆಲಸ, ಇಲ್ಲದಿದ್ದರೆ ಅದು ಪಟ್ಟಿಯ ಮುಂದಿನ ಹೆಸರಿಗೆ. ಕಲಿಯುವವರ ಲೈಸೆನ್ಸು ಕೈಯಲ್ಲಿತ್ತು. ಕಲಿಸುವವರು ಬೇಕಿತ್ತು. ಊರಿನ ಡ್ರೈವಿಂಗ್ ಸ್ಕೂಲಿನವರು ಕಾರು ಮಾತ್ರ ಕಲಿಸುತ್ತಿದ್ದರು.

ಪುಟ್ಟಿ ಭಾನುವಾರ ಮಗಳನ್ನು ಮುಂದೆ ನಿಲ್ಲಿಸಿ ಹೇಳಿದಳು: "ಅಣ್ಣ, ಪಕ್ಕದ ಮನೆಯವರ ಬೈಕು ಕೇಳಿ ಇಟ್ಟಿದೀನಿ. ನನಗೆ ಕಲಿಸಿದವನು ನೀನೇ ಅಲ್ವಾ? ಇವಳಿಗೂ ಕಲಿಸು."

ಕುಶನಣ್ಣನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಸಿನಿಮಾ ಥಿಯೇಟರಿನವರದು ಕುರ್ಚಿ ಬಂದು ಬಿದ್ದಿದೆ. ಬಿಡುವಿಲ್ಲ."

"ಬೆಳಿಗ್ಗೆ ಒಂದು ಗಂಟೆ."

"ಮಂಡಿ ನೋವು."

"ಮಾವ, ನೀನು ಓಡಬೇಕಾಗಿಲ್ಲ," ಹುಡುಗಿ ಅಂದಳು. "ನಿಂತಲ್ಲೇ ಬೈತಾ ಇರು ಸಾಕು. ಬ್ಯಾಲೆನ್ಸ್ ನನಗೆ ಬರುತ್ತೆ, ಸೈಕಲ್ಲು ಹೊಡೀತೀನಲ್ಲ."

ಅವನು ತಟ್ಟೆ ನೋಡುತ್ತ ಕೂತ. ಹೆಂಡತಿ, "ಬಿಡಮ್ಮ, ಬಾಯಲ್ಲಿ ಮೊಳೆ ಇದೆ," ಅಂದಳು. ಆ ದಿನ ಯಾರೂ ನಗಲಿಲ್ಲ. ಪುಟ್ಟಿ ದೊರೆಯ ಸುದ್ದಿಯನ್ನೂ ಕೇಳದೆ ಎದ್ದು ಹೋದಳು.

ಅವಳು ಅಂಗಡಿಗೆ ಬಂದದ್ದು ಬುಧವಾರ ಮಧ್ಯಾಹ್ನ, ಊಟದ ಬಿಡುವಿನಲ್ಲಿ. ಥಿಯೇಟರಿನ ಕುರ್ಚಿಗಳು ಒಂದರ ಮೇಲೊಂದು ಏರಿ ಬಾಗಿಲ ತನಕ ತುಂಬಿದ್ದವು. ಅವುಗಳ ನಡುವಿನ ಸಂದಿನಲ್ಲಿ ಕುಶನಣ್ಣ ಮಂಡಿಯೂರಿ ಕೆಂಪು ಬಟ್ಟೆ ಬಿಗಿಯುತ್ತಿದ್ದ. ತಂಗಿಯ ಹೆಜ್ಜೆಯ ಸದ್ದು ಅವನಿಗೆ ನೋಡದೆಯೇ ಗೊತ್ತು. ಒಂದು ಗಟ್ಟಿ, ಒಂದು ಎಳೆತ. ಅವನು ತಲೆ ಎತ್ತದೆ ತುಟಿಯ ಕಡೆ ಬೆರಳು ತೋರಿಸಿದ.

ಪುಟ್ಟಿ ಅವನ ಮುಂದೆ ಅಂಗೈ ಚಾಚಿದಳು. "ಉಗುಳು."

ಅವನು ಅವಳ ಮುಖ ನೋಡಿದ.

"ಉಗುಳೋ. ನಾನು ಕಾಯ್ತೀನಿ."

ಬೇರೆ ದಾರಿ ಇರಲಿಲ್ಲ. ಅವನು ಬಗ್ಗಿ ಒಂದೊಂದೇ ಮೊಳೆಯನ್ನು ತಂಗಿಯ ಅಂಗೈಗೆ ಬಿಟ್ಟ. ಬಿಸಿಯಾದ, ಒದ್ದೆಯಾದ ಮೊಳೆಗಳು. ಅವಳು ಮುಷ್ಟಿ ಮುಚ್ಚಿದಳು.

"ಈಗ ಹೇಳು. ನಮ್ಮ ಮನೆ ಹೆಣ್ಣುಮಕ್ಕಳಿಗೆ ಬೈಕು ಆಗಿಬರಲ್ಲ ಅಂತ ತಾನೇ ನಿನ್ನ ಮನಸ್ಸಲ್ಲಿರೋದು? ತಾಯಿ ಬಿದ್ದಳು, ಮಗಳೂ ಬೀಳ್ತಾಳೆ. ನೇರವಾಗಿ ಹೇಳು, ನಾನು ಹೋಗ್ತೀನಿ. ಆಮೇಲೆ ನಿನ್ನ ಮನೆ ಬಾಗಿಲಿಗೆ ಬರೋದು ಬೇಡ ನನಗೆ."

"ನೀನು ಬೀಳಲಿಲ್ಲ ಪುಟ್ಟಿ," ಅಂದ ಅವನು. ಮೊಳೆಯಿಲ್ಲದ ಬಾಯಿ ಅವನಿಗೆ ಹೊಸದೆನ್ನಿಸಿತು. "ನಾನು ಬೀಳಿಸಿದೆ."

ಹೇಳಿದ. ಗೇರಿನ ಪೆಡಲು ಕೆಳಕ್ಕೆ ಬಗ್ಗಿದ್ದು, ಊಟದ ಮೇಜಿನ ಕೆಳಗೆ ತಾನು ಹತ್ತಿಸಿದ ಎಡಗಾಲಿನ ಚಾಳಿ, ಮುಟ್ಟಬೇಡ ಅಂದ ಕೈಬ್ರೇಕು, ಎಲ್ಲವನ್ನೂ. "ಇವಳಿಗೆ ನಾನು ಏನು ಕಲಿಸಲಿ? ನನ್ನ ಮೈಯಲ್ಲಿ ಇರೋದು ಅದೊಂದೇ ವಿದ್ಯೆ. ಅದು ನಿನ್ನ ಕಾಲು ತಿಂತು."

ಪುಟ್ಟಿ ಹತ್ತಿರದ ಕುರ್ಚಿಯ ಬರೀ ಚೌಕಟ್ಟಿನ ಮೇಲೆ ಕೂತಳು.

"ನಿನಗೆ ಇದು ಯಾವಾಗಿಂದ ಗೊತ್ತು?"

"ಮಾರನೇ ದಿನದಿಂದ."

"ಅಂದ್ರೆ ದೊರೆನ ಅದಕ್ಕೇ ಕೊಟ್ಟುಬಿಟ್ಟೆಯಾ? ಬಿಡಿಭಾಗ ಗಿಡಿಭಾಗ ಎಲ್ಲ ಸುಳ್ಳು?"

ಅವನು ಹೌದೆಂದು ತಲೆ ಆಡಿಸಿದ. ಅವಳು ಬೈಯಬಹುದು, ಅಳಬಹುದು, ಹೋಗಲಿ ಬಿಡು ಅನ್ನಬಹುದು ಎಂದೆಲ್ಲ ಅವನು ಎಷ್ಟೋ ಸಲ ಊಹಿಸಿಕೊಂಡಿದ್ದ. ಅವಳು ಹೇಳಿದ್ದು ಅವನ ಯಾವ ಊಹೆಯಲ್ಲೂ ಇರಲಿಲ್ಲ.

"ನಾಯಿ ಅಡ್ಡ ಬಂತು ಅಂತ ನಾನು ಯಾಕೆ ಹೇಳಿದೆ ಅಂದ್ಕೊಂಡಿದೀಯ? ಕಾಲು ತಪ್ಪಿ ಒತ್ತಿದೆ ಅಂದಿದ್ರೆ ಅಪ್ಪ ಅವತ್ತೇ ದೊರೆನ ಬೀದಿಗೆ ತಳ್ತಿದ್ದರು. ಅದನ್ನ ಉಳಿಸೋಕೆ ಹೇಳಿದೆ. ಕಚೇರಿ ಬೈಕು ಹೋದ್ರೆ ಹೋಗ್ಲಿ, ಕಾಲು ವಾಸಿಯಾದ ಮೇಲೆ ದೊರೆ ಇದೆಯಲ್ಲ, ಟ್ಯಾಂಕಿನ ದಿಣ್ಣೆಗೆ ಹೋದ್ರಾಯ್ತು ಅಂತ ಮಲಗಿದಲ್ಲೇ ಲೆಕ್ಕ ಹಾಕ್ತಿದ್ದೆ. ಸೊಟ್ಟ ಕಾಲಾದ್ರೂ ಒತ್ತೋಕೆ ಬರುತ್ತಲ್ಲ. ನೀನು ಒಂದು ಮಾತು ಕೇಳಲಿಲ್ಲ. ನಿನ್ನ ಸಂಕಟ ನೀನು ನೋಡ್ಕೊಂಡು ನನ್ನ ಬೈಕು ಗುಜರಿಗೆ ಹಾಕಿದೆ."

ನನ್ನ ಬೈಕು. ಆ ಮಾತು ಕುಶನಣ್ಣನ ಎದೆಗೆ ಸರಿಯಾಗಿ ಬಂದು ಬಡಿಯಿತು. ದೊರೆ ತನ್ನದೆಂದೇ ಅವನು ಇಷ್ಟು ಕಾಲ ತಿಳಿದಿದ್ದ. ತಳ್ಳಿದವಳು ಅವಳು, ಓಡಿ ಹತ್ತಿದವಳು ಅವಳು.

"ಭಾನುವಾರ ಭಾನುವಾರ ಕಥೆ ಹೇಳಿಸ್ಕೋತಿದ್ದೆನಲ್ಲ," ಅವಳು ಅಂದಳು, "ಅಷ್ಟಾದ್ರೂ ಉಳೀಲಿ ಅಂತ. ನೀನು ನಡುವೆ ನನ್ನ ಕಾಲು ನೋಡ್ತಿದ್ದೆ. ಕುಂಟಿ ತಂಗಿ ಅಂತ ನಾಚಿಕೆ ಇವನಿಗೆ ಅಂದ್ಕೊಳ್ತಿದ್ದೆ ನಾನು."

"ಅಯ್ಯೋ, ಅಲ್ಲ ಪುಟ್ಟಿ."

"ಅಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು? ಬಾಯಿ ತುಂಬ ಮೊಳೆ ಇಟ್ಕೊಂಡು ಕೂತವನು ನೀನು."

ಅವನು ಆಮೇಲೆ ಕೇಳಿದ: "ನಾಯಿ?"

"ಅವತ್ತು ಅಲ್ಲಿ ನಾಯಿನೇ ಇರಲಿಲ್ಲ."

ಅವಳು ಮುಷ್ಟಿ ಬಿಡಿಸಿ ಮೊಳೆಗಳನ್ನು ಡಬ್ಬಿಗೆ ಸುರಿದು, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. "ನಾಳೆ ಬೆಳಿಗ್ಗೆ ಗೋಡೌನಿನ ಬಯಲಿಗೆ ಬಾ. ಹಿಂದಿನಿಂದ ಹಿಡ್ಕೊಂಡು ಓಡು, ಅಷ್ಟೇ ನಿನ್ನ ಕೆಲಸ. ಕಲಿಸೋದು ನಾನು."

ಕಲಿಸಿದಳು. ಗೋಡೌನಿನ ಕಟ್ಟೆಯ ಮೇಲೆ ಕಾಲು ನೀಡಿ ಕೂತು, ಜಾಲರಿಯ ಹಿಂದೆ ಬಿಲ್ಲು ಕೇಳುವ ಗತ್ತಿನಲ್ಲಿ ಹೇಳಿದಳು. ಲಯ ಗಿಯ ಏನೂ ಇಲ್ಲ. "ಮೊದಲು ಕೆಳಗೆ ನೋಡು. ಯಾವ ಬೈಕು ಹತ್ತಿದ್ರೂ ಮೊದಲು ಬ್ರೇಕು ಎಲ್ಲಿದೆ ನೋಡು. ನಿಲ್ಲೋದು ಹೇಗೆ ಅಂತ ಗೊತ್ತಾದ ಮೇಲೆ ಹೊರಡೋದು." ಕೈಯ ಬ್ರೇಕನ್ನು ಬೆರಳು ನೋಯುವ ತನಕ ಹಿಡಿಸಿದಳು. ಕುಶನಣ್ಣ ಹಿಂದಿನ ಸೀಟಿನ ಕಂಬಿ ಹಿಡಿದು, ಲುಂಗಿ ಎತ್ತಿ ಕಟ್ಟಿ, ಏದುಸಿರು ಬಿಡುತ್ತ ಓಡಿದ.

"ಮಾವ, ಸ್ವಲ್ಪ ಸುಮ್ಮನೆ ಉಸಿರಾಡು," ಹುಡುಗಿ ಕೂಗಿದಳು. "ನಿನ್ನ ಸದ್ದಿಗೆ ಇಂಜಿನ್ನು ಆನಿದೆಯೋ ಆಫಿದೆಯೋ ಗೊತ್ತಾಗ್ತಿಲ್ಲ."

"ಮಾತು ಕಡಿಮೆ ಮಾಡಿ ಮುಂದೆ ನೋಡೇ," ಪುಟ್ಟಿ ಕಟ್ಟೆಯಿಂದಲೇ ಅಂದಳು. ಅಣ್ಣನನ್ನು ಅವಳು ನೋಡಲಿಲ್ಲ.

ಹುಡುಗಿ ಇಲಾಖೆಯ ಅಂಗಳದಲ್ಲಿ ಓಡಿಸಿ ತೋರಿಸಿದಳು. ಕೆಲಸ ಸಿಕ್ಕಿತು. ನೀರಿನ ಸೀಸೆಗಳ ಪೆಟ್ಟಿಗೆ ಕಟ್ಟಿಕೊಂಡು ಅವಳು ಅಂಗಡಿಯ ಮುಂದೆ ಹಾದುಹೋಗುವಾಗ ಕುಶನಣ್ಣ ಸುತ್ತಿಗೆ ನಿಲ್ಲಿಸಿ, ತಿರುವಿನಲ್ಲಿ ಅವಳ ಬ್ರೇಕಿನ ದೀಪ ಕೆಂಪಗಾಗುವುದನ್ನು ನೋಡಿದ ಮೇಲೆಯೇ ಕೆಲಸಕ್ಕೆ ತಿರುಗುತ್ತಿದ್ದ.

ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಅಂತ ಅವನು ತಿಳಿದಿದ್ದ. ಹಾಗೆ ಆಗಲಿಲ್ಲ. ಕಾಲಿನ ಭಾರವೊಂದೇ ಇದ್ದ ಜಾಗಕ್ಕೆ ಈಗ ದೊರೆಯದೂ ಬಂದು ಕೂತಿತು. ಭಾನುವಾರಗಳಲ್ಲಿ ಪುಟ್ಟಿ ಬರುವಳು, ಉಣ್ಣುವಳು, ಅತ್ತಿಗೆಯ ಜೊತೆ ಮಾತಾಡುವಳು. ದೊರೆಯ ಸುದ್ದಿ ಕೇಳುತ್ತಿರಲಿಲ್ಲ. ಅವನಾಗಿ ಶುರು ಮಾಡಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ನಗು ಕಡಿಮೆಯಾದ ಮನೆಯಲ್ಲಿ ಚಮಚದ ಸದ್ದು ದೊಡ್ಡದಾಗಿ ಕೇಳಿಸುತ್ತಿತ್ತು.

ಅಂಥದೊಂದು ಭಾನುವಾರ ಅವಳು ಚಪ್ಪಲಿ ಮೆಟ್ಟುತ್ತ, "ಬೇಕರಿಗೆ ಹೋಗಿ ಬರೋಣ ಬಾ," ಅಂದಳು.

"ಬ್ರೆಡ್ಡು ಇದೆಯಲ್ಲ."

"ಬ್ರೆಡ್ಡಿಗಲ್ಲ. ನಿನ್ನದು ನೀನು ಹೇಳ್ಕೊಂಡೆ. ನನ್ನದು ಹಾಗೇ ಇದೆ."

ಬೇಕರಿಯವರಿಗೆ ತುಂಬ ವಯಸ್ಸಾಗಿತ್ತು. ಒಲೆಯ ಕೆಲಸ ಮಕ್ಕಳಿಗೆ ಬಿಟ್ಟು ತಾವು ಗಾಜಿನ ಕಪಾಟಿನ ಹಿಂದೆ ಎತ್ತರದ ಕುರ್ಚಿಯಲ್ಲಿ ಕೂರುತ್ತಿದ್ದರು. ಆ ಕುರ್ಚಿಯ ಮೆತ್ತೆಯೂ ಕುಶನಣ್ಣ ಹಾಕಿದ್ದೇ. ಪುಟ್ಟಿ ಕಪಾಟಿನ ಅಂಚು ಹಿಡಿದು ನಿಂತು, ಸುತ್ತಿ ಬಳಸದೆ ಹೇಳಿದಳು. "ಮಾಮ, ಅವತ್ತು ನಾನು ಬಿದ್ದದ್ದು ನಿಮ್ಮ ನಾಯಿಯಿಂದ ಅಲ್ಲ. ನಾಯಿ ಅಲ್ಲಿರಲೇ ಇಲ್ಲ. ನಾನು ಸುಳ್ಳು ಹೇಳಿದೆ."

ಮುದುಕರು ಕನ್ನಡಕ ತೆಗೆದು ಒರೆಸಿಕೊಂಡರು. "ಗೊತ್ತಮ್ಮ."

ಅಣ್ಣ ತಂಗಿ ಇಬ್ಬರೂ ಅವರನ್ನೇ ನೋಡಿದರು.

"ನಮ್ಮ ನಾಯಿಗೆ ಮೋಟಾರುಬೈಕು ಅಂದ್ರೆ ಜೀವಭಯ. ನಿಮ್ಮದು ಒಂದಿತ್ತಲ್ಲ, ಢಮಾರ್ ಅನ್ನೋದು? ನಾಯಿ ಮರಿಯಾಗಿದ್ದಾಗ ನಿಮ್ಮ ಬೈಕು ಸರಿಯಾಗಿ ಈ ಮೆಟ್ಟಿಲ ಮುಂದೆ ಒಂದು ಸಲ ಹಾಗೆ ಅಂದಿತ್ತು. ಆವತ್ತಿಂದ ಯಾವ ಬೈಕಿನ ಸದ್ದು ಕೇಳಿದ್ರೂ ಒಲೆ ಹಿಂದೆ ಹೋಗಿ ಹುದುಗಿಕೊಳ್ಳೋದು. ಅಡ್ಡ ಬರೋ ನಾಯಿ ಅಲ್ಲ ಅದು."

"ಮತ್ತೆ ನಮ್ಮಪ್ಪನಿಗೆ ಯಾಕೆ ಹೇಳಲಿಲ್ಲ ಮಾಮ?"

"ನಿಮ್ಮಪ್ಪ ಇಲ್ಲೇ ನಿಂತು ಕಣ್ಣೀರು ಹಾಕಿದ್ರು. ಕಾಲು ಮುರ್ಕೊಂಡು ಮಲಗಿರೋ ಹುಡುಗಿ ಸುಳ್ಳು ಹೇಳ್ತಾಳೆ ಅಂತ ಹೇಗೆ ಅನ್ನಲಿ? ನಾಯಿಗಾದ್ರೆ ಬೇರೆ ಊರಿದೆ ಅಂದ್ಕೊಂಡೆ." ಅವರು ಕನ್ನಡಕ ಹಾಕಿಕೊಂಡರು. "ತಾನಾಗಿ ಲಾರಿ ಹತ್ತಲಿಲ್ಲ. ಲಾರಿ ಇಂಜಿನ್ನಿಗೂ ಹೆದರಿತು. ನಾನೇ ಎತ್ತಿ ಕೂರಿಸಿದೆ."

ಯಾರೋ ಬನ್ನು ಕೇಳಿಕೊಂಡು ಬಂದರು. ಮುದುಕರು ಕಾಗದದಲ್ಲಿ ಸುತ್ತಿ ಕೊಟ್ಟು, ಇವರ ಕಡೆ ತಿರುಗಿ, "ನಿಮಗೇನು ಕೊಡಲಿ?" ಅಂತ ಎಂದಿನ ಹಾಗೆ ಕೇಳಿದರು. ಏನೂ ಬೇಡ ಅನ್ನಲು ಇಬ್ಬರಿಗೂ ಆಗಲಿಲ್ಲ. ಕೊಟ್ಟದ್ದನ್ನು ತೆಗೆದುಕೊಂಡು ಹೊರಗೆ ಬಂದರು. ಮೆಟ್ಟಿಲು ಇಳಿಯುವಾಗ ಪುಟ್ಟಿ ಅಣ್ಣನ ತೋಳು ಹಿಡಿದುಕೊಂಡಳು. ನಾಲ್ಕು ಹೆಜ್ಜೆ ನಡೆದವಳು ನಿಂತಳು.

"ಆ ನಾಯಿ ಹೆಸರೇನು ಅಂತ ಕೇಳಲಿಲ್ಲ ನಾವು."

"ನಾನು ಹೋಗಿ ಕೇಳ್ಕೊಂಡು ಬರಲಾ?"

"ಬೇಡ," ಅಂದಳು ಅವಳು. "ಇಬ್ಬರೂ ಹೋಗೋಣ."

ಇಬ್ಬರೂ ತಿರುಗಿ ಮೆಟ್ಟಿಲು ಹತ್ತಿದರು.